ಕೊಪ್ಪೆಗುಡ್ಡದ ಕಾವಲು

ಕರಿಗಟ್ಟೆಯ ಕೋಟೆಗೆ ಹೋಗುವವರಿಗೆ ಬಡಗಣ ದಿಕ್ಕಿನಲ್ಲಿ ಕೊಪ್ಪೆಗುಡ್ಡ ಕಾಣುತ್ತದೆ. ಅದರ ನೆತ್ತಿಯ ಮೇಲೆ, ಕರಿಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹೊದ್ದ ಮೂವರು ಆಳುಗಳು ಕುಳಿತಂತಿದೆ. ತುಸು ಆಚೆಗೆ ಕೊಪ್ಪೆಯಿಲ್ಲದ ಒಂದು ಗಿಡ್ಡನೆಯ ಕುಳ್ಳುಕಲ್ಲು. ಹೊಸಬರು ಕೆಳಗಿನಿಂದ ಕೂಗುತ್ತಾರೆ, ಉತ್ತರ ಬಾರದಿದ್ದಾಗ ಯಾರೋ ಹೊಂಚು ಹಾಕಿದ್ದಾರೆಂದು ಹಿಂಜರಿಯುತ್ತಾರೆ. ಅದಕ್ಕೆ ನಾಚಬೇಕಾಗಿಲ್ಲ. ಗುಡ್ಡಕ್ಕೆ ಹೆಸರು ಬಂದದ್ದೇ ಅಂಥದೊಂದು ಅನುಮಾನದಿಂದ ಎನ್ನುತ್ತಾರೆ.

ಹಿಂದೆ ಒಮ್ಮೆ ಶತ್ರುಗಳು ಕೋಟೆಯನ್ನು ಮುತ್ತಿದಾಗ ಗುಡ್ಡದ ಕಣಿವೆ ಕಾಯುವ ಹೊಣೆ ಕುರಿಗಾಹಿ ಮಾಳವ್ವನ ಮನೆಯವರ ಪಾಲಿಗೆ ಬಂತು. ಗಂಡ ಮತ್ತು ಇಬ್ಬರು ಗಂಡುಮಕ್ಕಳು ಮೇಲೇರಿದರು. ಇಳಿಹೊತ್ತಿಗೆ ಮಾಳವ್ವ ಬುತ್ತಿ ಒಯ್ಯುತ್ತಿದ್ದಳು. ತಳವಾರ ಕಾಟಯ್ಯ ತನ್ನ ನೆರಳನ್ನೂ ನಂಬದ ಮನುಷ್ಯ. ಊರು ಕಾಯುವವನಿಗೆ ಅದು ತಪ್ಪೂ ಅಲ್ಲವೆನ್ನಿ. ಬುತ್ತಿ ಹೋಗುತ್ತಿದೆ, ಆದರೆ ಆಳುಗಳು ಕೆಳಗಿಳಿಯುತ್ತಿಲ್ಲ, ಕೂಗಿದರೆ ಓಗೊಡುತ್ತಿಲ್ಲ. ಬದುಕಿರುವುದಂತೂ ಖಂಡಿತ, ಏಕೆಂದರೆ ಆ ಮನೆತನದಲ್ಲಿ ಸತ್ತವನ ಕಂಬಳಿಯನ್ನು ಅವನ ಜೊತೆಗೇ ಹೂಳುವುದು ಪದ್ಧತಿ, ಮತ್ತು ಮೂರು ಕಂಬಳಿಗಳೂ ಗುಡ್ಡದ ಮೇಲೆ ಕಾಣುತ್ತಿದ್ದವು. ಹಾಗಾದರೆ ಇವರು ಶತ್ರುವಿನ ಜೊತೆ ಒಳಗೊಳಗೇ ಕೈಜೋಡಿಸಿದ್ದಾರೆ, ಇಂದೋ ನಾಳೆಯೋ ಕಣಿವೆ ಬಿಟ್ಟುಕೊಡುತ್ತಾರೆ ಎಂದು ಅವನಿಗೆ ಅನ್ನ ನೀರು ಸೇರದಾಯಿತು. ಕೋಟೆಯೊಳಗೆ ಅವನ ಬಾಣಂತಿ ಮಗಳಿದ್ದಳು.

ಒಂದು ಸಂಜೆ ಅವನು ಸದ್ದಿಲ್ಲದೆ ಮಾಳವ್ವನ ಹಿಂದೆ ಗುಡ್ಡ ಹತ್ತಿದ. ಅವಳು ಕೊಪ್ಪೆಗಳ ಮುಂದೆ ಮುದ್ದೆ ಇಟ್ಟು ಮೆಲ್ಲಗೆ ಏನೋ ಮಾತಾಡುತ್ತಿದ್ದಳು. ಯಾರೂ ಕೈ ಚಾಚಲಿಲ್ಲ. ಕಾಟಯ್ಯ ತಾಳ್ಮೆಗೆಟ್ಟು ಮುನ್ನುಗ್ಗಿ ಒಂದು ಕೊಪ್ಪೆಯನ್ನು ಸೆಳೆದ. ಒಳಗೆ ಕಲ್ಲಿತ್ತು. ಅದರ ಮರೆಯಲ್ಲಿ ಇನ್ನೂ ಹಸಿ ಆರದ ಮೂರು ಮಣ್ಣಗುಡ್ಡೆಗಳಿದ್ದವು.

"ಬಂದೋರ್ನ ಓಡ್ಸಿ, ಗಾಯದಾಗೆ ಸತ್ರು ತಮ್ಮಾ," ಎಂದಳು ಮಾಳವ್ವ. "ಮೂವರ್ನೂ ಬರಿಮೈಯಾಗೆ ಮಣ್ಣಿಗಿಟ್ಟೆ. ಕಂಬ್ಳಿ ಹೂತಿದ್ರೆ ಕಾವ್ಲು ಇಲ್ಲ ಅಂತ ಆಚೆಯೋರ್ಗೆ ತಿಳೀತಿತ್ತು. ಊರಾಗೆ ಅತ್ತಿದ್ರೂ ತಿಳೀತಿತ್ತು."

ಆಚೆ ಪಾಳೆಯದಲ್ಲಿ ಒಂದಿಬ್ಬರು ಎದ್ದುನಿಂತು ಗುಡ್ಡದ ಕಡೆ ಕೈ ತೋರಿಸುತ್ತಿದ್ದರು. ಕಾಟಯ್ಯ ಆ ಕಂಬಳಿಯನ್ನೇ ಕೊಪ್ಪೆ ಹಾಕಿಕೊಂಡು, ಅವರಿಗೆ ಕಾಣುವಂತೆ ನಾಲ್ಕು ಹೆಜ್ಜೆ ಓಡಾಡಿ, ಕಲ್ಲಿನ ಮುಂದೆ ಕುಳಿತ. ಶತ್ರುಗಳು ಬೇಸತ್ತು ಪಾಳೆಯ ಕೀಳುವವರೆಗೂ ಅವನು ಕೆಳಗಿಳಿಯಲಿಲ್ಲವಂತೆ. ಆಮೇಲೆ ಮಾಳವ್ವ ಮೂರು ಕಂಬಳಿಗಳನ್ನೂ ಅವರವರ ಮೈಗೆ ಸೇರಿಸಿ ಮಣ್ಣು ಮುಚ್ಚಿದಳು. ಊರೆಲ್ಲ ಕೇಳುವಂತೆ ಅವಳು ಅತ್ತದ್ದು ಅಂದೇ.

ಅಂದಿನಿಂದ ಪ್ರತಿವರ್ಷ ಆ ಮೂರು ಕಲ್ಲುಗಳಿಗೆ ಹೊಸ ಕಂಬಳಿ ಹೊದಿಸುವುದು ತಳವಾರರ ಮನೆಯ ಪಾಲು. ಆಚೆಯ ಕುಳ್ಳುಕಲ್ಲು ಕಾಟಯ್ಯನ ನೆನಪಿನದು, ತನಗೆ ಕೊಪ್ಪೆ ಬೇಡವೆಂದು ಅವನೇ ಹೇಳಿ ಸತ್ತನಂತೆ. ಈಗಲೂ ಕಂಬಳಿ ಹೊದಿಸುವ ದಿನ ಹೋದವರು ನೋಡಬಹುದು: ತಳವಾರರ ಹಿರಿಯ ಹಳೆಯ ಕೊಪ್ಪೆಗೆ ಕೈ ಹಾಕುವ ಮೊದಲು, ಮಾಳವ್ವನ ಮನೆಯ ಹೆಣ್ಣುಮಗಳ ಮುಂದೆ ನಿಂತು, "ಅಕ್ಕಾ, ಮುಟ್ಲಾ?" ಎಂದು ಕೇಳುತ್ತಾನೆ. ಅವಳು ಕೆಲವು ವರ್ಷ ಬೇಕೆಂದೇ ತಡಮಾಡುತ್ತಾಳೆ. ಅಲ್ಲಿಯವರೆಗೂ ಅವನು ಕೈಕಟ್ಟಿ ನಿಂತೇ ಇರುತ್ತಾನೆ.