ಟೋಪಿಯ ತುರಾಯಿ, ಬೂಟಿನ ಮೊಳೆ

ಕವಾಯತಿನ ಹಿಂದಿನ ದಿನ ಸಿಪಾಯಿ ಬಾಳಪ್ಪನ ಟ್ರಂಕಿನ ಮೇಲೆ ಕೂತಿದ್ದ ಹೊಸ ಟೋಪಿ, ಕೆಳಗಿದ್ದ ಹಳೆಯ ಬೂಟಿಗೆ ಹೇಳಿತು: "ಸಮವಸ್ತ್ರದ ಸಮಿತಿ ಮೂರನೇ ಸಲ ನನ್ನನ್ನು ಬದಲಾಯಿಸಿದೆ. ಈ ಸಲ ತುರಾಯಿ ಒಂದು ಗೇಣು ಎತ್ತರ!"

ಬೂಟು ಕೆರಳಿತು. "ನನ್ನ ಅಟ್ಟೆ ಸವೆದು ಮೊಳೆ ಒಳಕ್ಕೆ ಎದ್ದಿದೆ. ಹೆಜ್ಜೆಹೆಜ್ಜೆಗೂ ಬಾಳಪ್ಪನ ಹಿಮ್ಮಡಿಯನ್ನು ಚುಚ್ಚುತ್ತಿದ್ದೇನೆ. ಸಮಿತಿಗೆ ಯಾರೂ ಹೇಳಲಿಲ್ಲವೇ?"

"ಹೇಳಿದರು. ಅಟ್ಟೆ ಸಾಹೇಬರು ಕೂರುವ ವೇದಿಕೆಗೆ ಕಾಣುವುದಿಲ್ಲವಂತೆ."

"ಕಾಣುವುದಿಲ್ಲವೇ? ನಿನ್ನ ತುರಾಯಿಯನ್ನು ಆ ವೇದಿಕೆಯ ತನಕ ಹೊತ್ತು ನಡೆಯುವುದು ಯಾವುದು? ಅವನ ಕಾಲಲ್ಲವೇ? ನಾಚಿಕೆಯಾಗಬೇಕು ಅವರಿಗೆ!"

"ಅದನ್ನೆಲ್ಲ ಯೋಚಿಸಲು ದೊಡ್ಡವರಿದ್ದಾರೆ" ಎಂದು ಟೋಪಿ ತುರಾಯಿ ಕೊಡವಿತು.

ಮರುದಿನ ಬಾಳಪ್ಪ ವೇದಿಕೆಯ ಮುಂದೆ ಬಲಗಾಲೆತ್ತಿ ನೆಲಕ್ಕೆ ಅಪ್ಪಳಿಸಿದ. ಮೊಳೆ ಪೂರ್ತಿ ನಾಟಿತು. ಅವನು ಮುಗ್ಗರಿಸಿದ, ಟೋಪಿ ಹಾರಿ ಹೋಗಿ ದೊಡ್ಡ ಸಾಹೇಬರ ಪಾದದ ಬಳಿ ಬಿತ್ತು. ಅವನ ಕಾಲುಚೀಲ ರಕ್ತದಲ್ಲಿ ತೊಯ್ದಿತ್ತು.

ಸಂಜೆಯೇ ಸಮಿತಿ ತುರ್ತಾಗಿ ಸೇರಿತು. ಎರಡು ಗಂಟೆ ಗಂಭೀರವಾಗಿ ಚರ್ಚಿಸಿ ಒಮ್ಮತದಿಂದ ತೀರ್ಮಾನಿಸಿತು: ಟೋಪಿ ಬೀಳದಂತೆ ಗದ್ದದ ಕೆಳಗೆ ಬಿಗಿಯಲು ಒಂದು ಪಟ್ಟಿ ಬೇಕು, ಅದು ವೇದಿಕೆಗೆ ಕಾಣುವಂತೆ ಜರಿಯದ್ದೇ ಆಗಿರಬೇಕು.