ಅತ್ತಿಮರದ ಕಸುಬುಗಳು

ಮೊಟ್ಟೆಯಿಡುವ ಕಾಲ ಹತ್ತಿರವಾಗಿದ್ದರಿಂದ ಹೆಣ್ಣು ಗೀಜಗವೊಂದು ಅತ್ತಿಮರಕ್ಕೆ ಬಂದು, ಗಂಡು ಗೀಜಗ ಅರ್ಧ ಹೆಣೆದಿದ್ದ ಗೂಡನ್ನು ತಮ್ಮ ಕುಲದ ರೂಢಿಯಂತೆ ಕೊಕ್ಕಿನಿಂದ ಎಳೆದೆಳೆದು ಪರೀಕ್ಷಿಸಿತು. ಗೂಡು ಗಟ್ಟಿಯಾಗಿತ್ತು. ಆದರೂ ಅದು ಕೇಳಿತು: “ಗೂಡೇನೋ ಸರಿ. ಹಣ್ಣು ಕೈಕೊಟ್ಟ ವರ್ಷ ನನ್ನ ಮರಿಗಳು ಇಲ್ಲಿ ಏನನ್ನು ನಂಬಿ ಬದುಕಬೇಕು?”

ಪಕ್ಕದ ಕೊಂಬೆಯ ಅಳಿಲು ನಕ್ಕುಬಿಟ್ಟಿತು. “ಏನಮ್ಮಾ ಹಾಗೆನ್ನುವೆ! ಇಲ್ಲಿ ಇಲ್ಲದ ಕಸುಬುಂಟೆ? ನಾನು ಹಣ್ಣು ಕೊಯ್ಯುವವನು, ಜೇಡ ನೇಯುವವನು, ಮರಕುಟಿಗ ಬಡಗಿ, ಹಾವು ಬೇಟೆಗಾರ. ಇದನ್ನು ಬರೀ ಹಣ್ಣಿನ ನಾಡೆಂದರೆ ನಾವು ಒಪ್ಪುವವರಲ್ಲ.”

ಗೀಜಗ ಬೆರಗಾಗಿ ವಿಚಾರಿಸತೊಡಗಿತು. “ಜೇಡಣ್ಣ, ನಿನ್ನ ಬಲೆಗೆ ಬೀಳುವವರು ಯಾರು?”

“ಹಣ್ಣಿಗೆ ಮುತ್ತುವ ನೊಣಗಳು.”

“ಬಡಗಿಯಣ್ಣ, ನಿನ್ನ ಊಟ?”

“ಈ ಮರದ ತೊಗಟೆಯ ಹುಳುಗಳು,” ಎಂದಿತು ಮರಕುಟಿಗ.

“ಹಾವಣ್ಣ, ನಿನ್ನ ಬೇಟೆ?”

“ಹಣ್ಣು ತಿಂದು ಕೊಬ್ಬಿದವರು,” ಎಂದು ಹಾವು ಅಳಿಲಿನ ಕಡೆ ನೋಡಿತು. ಅಳಿಲು ತಟ್ಟನೆ ಒಂದು ಕೊಂಬೆ ಮೇಲೇರಿತು.

ಗೀಜಗ ಮರವನ್ನು ಬುಡದಿಂದ ತುದಿಯವರೆಗೆ ದಿಟ್ಟಿಸಿತು. ಅದರ ಗರಿಗಳೆಲ್ಲ ನಿಮಿರಿದವು. “ಮಹಾತಾಯಿ, ಇಷ್ಟೊಂದು ಕಸುಬುಗಳಿಗೆ ನೀನೊಬ್ಬಳೇ ಅನ್ನ! ನೀನು ಹೊತ್ತ ಭಾರಕ್ಕೆ ತಲೆಬಾಗುತ್ತೇನೆ. ಆ ಭಾರಕ್ಕೆ ನನ್ನ ಮೊಟ್ಟೆಗಳನ್ನೂ ಸೇರಿಸಲಾರೆ.”

“ಹಾಗಾದರೆ ನಾನು ಹೆಣೆದದ್ದು?” ಎಂದು ಗಂಡು ಗೀಜಗ ಕಂಗಾಲಾಯಿತು.

“ಕೆರೆಯಂಚಿನ ಜಾಲಿಯಲ್ಲಿ ಮತ್ತೆ ಹೆಣೆ. ಅಲ್ಲಿ ಹುಲ್ಲಿದೆ, ಜೊಂಡಿದೆ, ಆಚೆಗೆ ಗದ್ದೆಯಿದೆ. ಒಂದು ಮುನಿದರೆ ಇನ್ನೊಂದು ಉಣಿಸೀತು.”

ಎರಡೂ ಹಾರಿಹೋದವು. ಅಳಿಲು ಕಚ್ಚಿದ ಹಣ್ಣನ್ನು ಹಾಗೆಯೇ ಹಿಡಿದುಕೊಂಡು, ಮೊತ್ತಮೊದಲ ಬಾರಿಗೆ ಮರದ ಬುಡದತ್ತ ನೋಡಿತು.