ಹಲಗೆ ಎಳೆಯದ ಮರಳು

ಹೊಳೆಯ ದಂಡೆಯಲ್ಲಿ ಒಂದು ಮಠ. ಕಾಲೇಜಿಗೆ ಹೋಗುವ ಬಡವರ ಮಕ್ಕಳು ಅಲ್ಲಿ ಉಂಡು, ಮಲಗಿ, ಓದುತ್ತಿದ್ದರು.

ಮಠದ ಗುರು ಅಡವಯ್ಯನವರು. ಹುಡುಗರ ಬಾಯಲ್ಲಿ ಅವರು ಅಜ್ಜಾರು.

ಅಜ್ಜಾರು ಪುರಾಣ ಹೇಳುತ್ತಿದ್ದದ್ದು ಕಡಿಮೆ. ಕಾಯಿ ಓಟ ಕಲಿಸುತ್ತಿದ್ದದ್ದೇ ಹೆಚ್ಚು.

ಆಟ ಸರಳ. ಒಬ್ಬ ತೆಂಗಿನಕಾಯಿಯನ್ನು ಕಂಕುಳಲ್ಲಿ ಅವುಚಿಕೊಂಡು ಓಡುತ್ತಾನೆ. ಅವನನ್ನು ಕೆಡವಲು ಎದುರು ತಂಡದ ಏಳು ಜನ ಬರುತ್ತಾರೆ. ಅವನ ಮುಂದೆ ಅವನದೇ ತಂಡದ ಆರು ಜನ. ಈ ಆರು ಜನ ಕೈ ಬಳಸುವಂತಿಲ್ಲ. ಬರಿ ಭುಜ ಕೊಟ್ಟು, ಬಂದವರನ್ನು ನೂಕಿ, ದಾರಿ ಬಿಡಿಸಬೇಕು. ಓಡುವವನು ಆ ದಾರಿಯಲ್ಲಿ ನುಗ್ಗಿ ಆಚೆಯ ಗೆರೆ ಮುಟ್ಟಬೇಕು.

ಮುಟ್ಟಿದರೆ ಜನ ಓಡಿದವನ ಹೆಸರು ಕೂಗುತ್ತಾರೆ. ಮುಟ್ಟದಿದ್ದರೆ ಮುಂದಿನ ಆರು ಜನರನ್ನು ಬೈಯುತ್ತಾರೆ. ಯಾರೂ ಬರೆಯದ ಈ ನಿಯಮವನ್ನು ಎಲ್ಲರೂ ಪಾಲಿಸುತ್ತಿದ್ದರು.

ಆಟ ನಡೆಯುತ್ತಿದ್ದದ್ದು ಹೊಳೆಯ ಹಸಿ ಮರಳಿನ ಮೇಲೆ. ಆಟ ಮುಗಿದ ಮೇಲೆ ಅಜ್ಜಾರು ಬಂದು ಹೆಜ್ಜೆಗಳನ್ನು ನೋಡುವವರೆಗೆ ಯಾರೂ ಆ ಮರಳನ್ನು ತುಳಿಯುವಂತಿರಲಿಲ್ಲ. ಅವರು ನೋಡಿದ ನಂತರ ನೀರು ಚಿಮುಕಿಸಿ, ಹಗ್ಗ ಕಟ್ಟಿದ ದಪ್ಪ ಹಲಗೆಯನ್ನು ಎಳೆದು, ಮರಳನ್ನು ಸಮ ಮಾಡಬೇಕು.

ಹಲಗೆ ಎಳೆಯುವವರೂ ಆ ಆರು ಜನರೇ. ಓಡುವವನು ಎಳೆಯುತ್ತಿರಲಿಲ್ಲ. ಅವನ ಕಾಲು ದಣಿಯಬಾರದಂತೆ.

ಮೂರು ವರ್ಷದಿಂದ ಮಠದ ಪರವಾಗಿ ಓಡುತ್ತಿದ್ದವನು ಮಾಳಿಂಗ. ಒಂದು ಸಂಜೆ ಅವನು ಅಜ್ಜಾರ ಮುಂದೆ ಬಂದು ನಿಂತ. ಅಜ್ಜಾರು ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು.

"ಅಜ್ಜಾರ, ದ್ಯಾಮಣ್ಣನ್ನ ತಂಡದಿಂದ ತಗೀರಿ."

"ಯಾಕ ತಮ್ಮಾ?"

"ದಾರಿ ಬಿಡಸೂದಿಲ್ಲ ಅಂವ. ಎಮ್ಮಿಗತೆ ನಿಂದರ್ತಾನ. ಇವತ್ತ ಹತ್ತು ಸಲ ಓಡಿದ್ನಿ, ಹತ್ತೂ ಸಲ ಬಿದ್ನಿ. ರವಿವಾರ ಆಚೆ ದಂಡಿಯವ್ರ ಜೋಡಿ ಆಟ ಐತಿ. ಹಿಂಗಾದ್ರ ಸೋಲತೀವಿ."

"ರವಿವಾರ ಅವರವ್ವ ಬರ್ತಾಳ. ಗೊತ್ತೈತೇನು?"

"ಗೊತ್ತೈತ್ರಿ."

ಎಲ್ಲರಿಗೂ ಗೊತ್ತಿತ್ತು. ದ್ಯಾಮಣ್ಣನ ಪರೀಕ್ಷೆ ಮುಗಿದಿತ್ತು. ರವಿವಾರದ್ದು ಅವನ ಕೊನೆಯ ಆಟ. ಅವನ ತಾಯಿ ನೀಲವ್ವ ರಸ್ತೆ ಕೆಲಸದಲ್ಲಿ ಜಲ್ಲಿ ಒಡೆಯುವವಳು. ಮಗ ಆಡುವುದನ್ನು ಮೂರು ವರ್ಷ ಬರಿ ಕೇಳಿದ್ದಳು, ಒಮ್ಮೆಯೂ ನೋಡಿರಲಿಲ್ಲ.

"ಅವರವ್ವ ಬರ್ತಾಳಂತ ನಾ ಬೀಳಬೇಕೇನ್ರಿ?" ಎಂದ ಮಾಳಿಂಗ.

ಅಜ್ಜಾರು ನಕ್ಕರು. "ಬೀಳಬ್ಯಾಡ. ನೀ ಕೇಳೂದು ನ್ಯಾಯ ಐತಿ. ಈಗ ಬೆಳಕು ಕಡಿಮಿ. ನಾಳೆ ಮುಂಜಾನೆ ಮರಳು ನೋಡಿ ಹೇಳ್ತೇನಿ. ದ್ಯಾಮಣ್ಣಂದು ತಪ್ಪಿದ್ರ ಅಂವ ಆಡೂದಿಲ್ಲ."

ಮಾಳಿಂಗನ ಮುಖ ಇಳಿಯಿತು. ಮರಳಿನ ಮೇಲೆ ದ್ಯಾಮಣ್ಣನ ಹೆಜ್ಜೆಗಳಷ್ಟೇ ಇರಲಿಲ್ಲ, ಮಾಳಿಂಗನವೂ ಇದ್ದವು.

ಎಲ್ಲರೂ ಊಟಕ್ಕೆ ಕೂತಾಗ ಅವನು ಕೂರಲಿಲ್ಲ. ಹೊಳೆಗೆ ಹೋಗಿ ಹಲಗೆಯ ಹಗ್ಗ ಹಿಡಿದ. ಮೂರು ವರ್ಷದಲ್ಲಿ ಅದೇ ಮೊದಲ ಸಲ.

ಮುಂಜಾನೆ ಅಜ್ಜಾರು ಕೋಲು ಊರಿಕೊಂಡು ಬಂದರು. ಏಳು ಹುಡುಗರೂ ದಂಡೆಯಲ್ಲಿ ಸಾಲಾಗಿ ನಿಂತಿದ್ದರು. ಮರಳಿನ ಮೇಲೆ ಒಂದು ಹೆಜ್ಜೆಯೂ ಇರಲಿಲ್ಲ.

"ಹಲಗಿ ಎಳದವರು ಯಾರು?"

ಮಾಳಿಂಗ ಹೊಳೆಯ ಕಡೆ ನೋಡುತ್ತ ನಿಂತ.

ಅಜ್ಜಾರು ಬರುವ ಮೊದಲೇ ನಲ್ಲಿಯ ಹತ್ತಿರ ಮಾಳಿಂಗ ಮುಖ ತೊಳೆಯುವಾಗ ಅವನ ಅಂಗೈಯ ಬೊಬ್ಬೆಗಳನ್ನು ದ್ಯಾಮಣ್ಣ ನೋಡಿದ್ದ. ಹಗ್ಗದ ಬೊಬ್ಬೆ ಹೇಗಿರುತ್ತದೆ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ದ್ಯಾಮಣ್ಣ ಒಂದು ಹೆಜ್ಜೆ ಮುಂದೆ ಬಂದ.

"ನಾನ ಎಳದೀನ್ರಿ ಅಜ್ಜಾರ. ನೀವು ನೋಡೀರಿ ಅಂತ ತಿಳಕೊಂಡ್ನಿ."

ಅಜ್ಜಾರು ಮರಳನ್ನೇ ನೋಡಿದರು. ಹಲಗೆ ಹಾವು ಹರಿದಂತೆ ಸೊಟ್ಟಗೆ ಹೋಗಿತ್ತು. ಒಂದು ಕಡೆ ದಿಬ್ಬ, ಒಂದು ಕಡೆ ಕುಳಿ.

"ಮೂರು ವರ್ಷ ಎಳದಿ. ನಿನ್ನೆ ಕೈ ಮರತಿತ್ತೇನು?"

ಆರು ಜನರಲ್ಲಿ ಬಾಯಿ ಜೋರಿದ್ದವನು ಫಕೀರಪ್ಪ. "ಇದು ಎಳದದ್ದಲ್ರಿ ಅಜ್ಜಾರ. ಎಮ್ಮಿ ಹೊರಳ್ಯಾಡಿದ್ದು," ಎಂದ.

ಅಜ್ಜಾರು ಮತ್ತೆ ಕೇಳಲಿಲ್ಲ.

"ಆತು. ಹೋದದ್ದು ಹೋತು. ಮಾಳಿಂಗ, ಈಗ ಒಂದು ಸಲ ಓಡು."

ಮಠದ ಉಳಿದ ಹುಡುಗರು ಎದುರು ನಿಂತರು. ಆರು ಜನ ಮುಂದೆ ನುಗ್ಗಿದರು. ಮಾಳಿಂಗ ಕಾಯಿ ಅವುಚಿಕೊಂಡು ಓಡಿದ. ಬಿದ್ದ.

ಅಜ್ಜಾರು ಎಲ್ಲರನ್ನೂ ಮರಳಿನಿಂದ ಆಚೆ ಕಳಿಸಿ ಮಾಳಿಂಗನೊಬ್ಬನನ್ನು ಕರೆದರು. ಕೋಲಿನಿಂದ ಒಂದು ಹೆಜ್ಜೆ ತೋರಿಸಿದರು. ಬೆರಳುಗಳ ಕಡೆ ಆಳ, ಹಿಮ್ಮಡಿ ಮರಳಿಗೆ ತಾಗಿಯೇ ಇರಲಿಲ್ಲ.

"ಯಾರದು?"

"ದ್ಯಾಮಣ್ಣಂದು."

"ಎಣಸು."

ಮಾಳಿಂಗ ಎಣಿಸಿದ. ಆರು ಇದ್ದವು.

"ಆರು ಹೆಜ್ಜಿ ಒಬ್ಬ ಆಳನ್ನ ಹಿಂದಕ್ಕ ನೂಕ್ಯಾನ. ಈ ಬಾಜೂದ್ದು ಯಾರದು?"

"ನಂದು."

"ಎಲ್ಲಿ ತಿರಿಗೇತಿ?"

ಮಾಳಿಂಗನ ಹೆಜ್ಜೆಗಳು ದ್ಯಾಮಣ್ಣನ ಮೂರನೆಯ ಹೆಜ್ಜೆಯವರೆಗೆ ಅವನ ಹಿಂದೆಯೇ ಹೋಗಿದ್ದವು. ಅಲ್ಲಿಂದ ಬಲಕ್ಕೆ ಹೊರಳಿದ್ದವು. ಬಲಕ್ಕೆ ದಾರಿ ಇರಲಿಲ್ಲ.

"ದಾರಿ ಆರನೇ ಹೆಜ್ಜಿಗೆ ತೆರೀತು. ಆಗ ನೀ ಎಲ್ಲಿದ್ದಿ?"

ಅಜ್ಜಾರು ಅವನು ಬಿದ್ದ ಜಾಗಕ್ಕೆ ನಡೆದರು.

"ಬಿದ್ದವನ ಗುರುತು ನನಗ ಗೊತ್ತೈತಿ. ಮೊಣಕಾಲು ಮುಂದ, ಕೈ ಮುಂದ, ಎದಿ ಮುಂದ. ಇಲ್ಲಿ ಬರಿ ಕುಂಡಿ ಗುರುತೈತಿ. ಖರೇ ಹೇಳು ತಮ್ಮಾ. ಇಲ್ಲಿ ನೀ ಬಿದ್ದ್ಯೋ, ಕುಂತ್ಯೋ?"

ದಂಡೆಯಲ್ಲಿ ಫಕೀರಪ್ಪ ಕಿಸಕ್ಕನೆ ನಕ್ಕ. ದ್ಯಾಮಣ್ಣ ಅವನ ಪಕ್ಕೆಗೆ ಮೊಣಕೈ ತಿವಿದ.

ಮಾಳಿಂಗ ಆ ಗುರುತನ್ನೇ ನೋಡಿದ.

"ಕುಂತ್ನಿ ಅಜ್ಜಾರ."

"ಹೂಂ."

"ಹೋದ ವರ್ಷ ಇಲ್ಲೇ ನನ್ನ ಹೆಗಲಿನ ಎಲುಬು ಮುರೀತಲ್ರಿ. ಎಂಟು ಮಂದಿ ಮ್ಯಾಲ ಬಿದ್ದಿದ್ರು. ಉಸಿರ ನಿಂತಿತ್ತು. ಅವತ್ತಿಂದ ಯಾರರ ಹತ್ರ ಬಂದ್ರ ಸಾಕು, ಕಾಲು ತಾವ ಮಡಚ್ತಾವು."

"ಆ ಎಂಟು ಮಂದ್ಯಾಗ ನಾನೂ ಒಬ್ಬಾಂವ ಲೇ," ಎಂದು ದಂಡೆಯಿಂದ ದ್ಯಾಮಣ್ಣ ಕೂಗಿದ. "ನಿನ್ನ ಮ್ಯಾಲ ಬೀಳೋರನ್ನ ತಡೀಲಿಕ್ಕ ಬಂದು ನಾನ ಬಿದ್ನಿ. ಊರಾಗ ಹೇಳಬ್ಯಾಡ, ಮಾನ ಹೋಗ್ತೈತಿ."

ಎಲ್ಲರೂ ನಕ್ಕರು. ಮಾಳಿಂಗನಿಗೂ ನಗು ಬಂತು. ನಗುತ್ತಲೇ ಕಣ್ಣು ಒರೆಸಿಕೊಂಡ.

"ನಿನ್ನೆ ಹಲಗಿ ಎಳದದ್ದೂ ನಾನ ರೀ."

"ಗೊತ್ತೈತಿ."

"ದ್ಯಾಮಣ್ಣ 'ನಾನ ಎಳದೀನಿ' ಅಂತ ಯಾಕ ಹೇಳಿದ?"

"ನಿನ್ನ ಮುಂದ ನಿಂತ. ಅಂವಗ ಅದೊಂದು ಬರ್ತೈತಿ."

ಮಾಳಿಂಗ ತಲೆ ತಗ್ಗಿಸಿದ. "ಈ ಹೆದರಿಕಿ ಹೋಗೂದು ಹ್ಯಾಂಗ್ರಿ ಅಜ್ಜಾರ?"

"ಹೋಗೂದಿಲ್ಲ. ಒಂದು ಕಂಕುಳಾಗ ತೆಂಗಿನಕಾಯಿ, ಇನ್ನೊಂದು ಕಂಕುಳಾಗ ಹೆದರಿಕಿ. ಎರಡೂ ಹಿಡಕೊಂಡು ಓಡು."

ಅಜ್ಜಾರು ದ್ಯಾಮಣ್ಣನನ್ನು ಕರೆದು ಬೆನ್ನು ಮಾಡಿ ನಿಲ್ಲಿಸಿದರು. ಮಾಳಿಂಗನ ಬೊಬ್ಬೆ ಎದ್ದ ಅಂಗೈಯನ್ನು ತಾವೇ ಹಿಡಿದು ಆ ಬೆನ್ನ ಮೇಲೆ ಇಟ್ಟರು.

"ಈ ಬೆನ್ನು ನಡಿಯೂತನಕ ಇದರ ಹಿಂದ ನಡಿ."

"ಬೆನ್ನು ನಿಂತ್ರ?"

"ಅಂವ ತನ್ನ ಕೆಲಸ ಮುಗಿಸ್ಯಾನ ಅಂತ ತಿಳಿ. ಅಲ್ಲಿಂದ ನಿಂದು."

"ಅಲ್ಲಿ ದಾರಿ ಇರಲಿಲ್ಲಂದ್ರ?"

"ದಾರಿ ಇದ್ದಲ್ಲೆ ಯಾರರ ಓಡ್ತಾರ. ನಿನ್ನ ಯಾಕ ಸಾಕಬೇಕು ನಾವು?"

ಅಜ್ಜಾರು ಕೋಲು ಊರಿಕೊಂಡು ಜೋಳದ ಮೊರಕ್ಕೆ ವಾಪಸು ಹೋದರು.

ದ್ಯಾಮಣ್ಣ ಹಲಗೆಯ ಹಗ್ಗ ಹಿಡಿದ. ಮಾಳಿಂಗ ಅವನ ಪಕ್ಕಕ್ಕೆ ಬಂದು ಇನ್ನೊಂದು ತುದಿ ಹಿಡಿದ.

"ಲೇ ಮಾಳಿಂಗ, ಸಾವಕಾಶ," ಎಂದ ಫಕೀರಪ್ಪ. "ಹಲಗಿ ಎಳ್ಯಾವ್ರ ಫೋಟೋ ತಗೀಲಿಕ್ಕ ಪೇಪರಿನವರು ಬರೂದಿಲ್ಲ."

"ನಮ್ಮವ್ವ ಹನ್ನೊಂದು ರಸ್ತಾಕ್ಕ ಜಲ್ಲಿ ಒಡದಾಳ," ಎಂದ ದ್ಯಾಮಣ್ಣ, ಎಳೆಯುತ್ತಲೇ. "ಒಂದೊಂದು ರಸ್ತಾದ ತುದಿಗೆ ಒಂದೊಂದು ಕಲ್ಲು ನಟ್ಟಾರ. ಕಲ್ಲಿನ ಮ್ಯಾಲ ರಿಬ್ಬನ್ ಕತ್ತರಿಸಿದವನ ಹೆಸರೈತಿ."

"ನಿಮ್ಮವ್ವನ ಹೆಸರೆಲ್ಲೈತಿ?" ಕೇಳಿದ ಮಾಳಿಂಗ.

"ರಸ್ತಾದ ಕೆಳಗ."

ಹಲಗೆ ನೆಟ್ಟಗೆ ಹೋಯಿತು.

ರವಿವಾರ ಬಂತು. ಎರಡೂ ದಂಡೆಯ ಜನ ಸೇರಿದರು. ನೀಲವ್ವ ರೊಟ್ಟಿಯ ಗಂಟು ಹಿಡಿದುಕೊಂಡು ಜಾಲಿಮರದ ನೆರಳಲ್ಲಿ ಕೂತಳು.

ಆಚೆ ದಂಡೆಯವರು ಗಟ್ಟಿಗರು. ಹೊತ್ತು ಇಳಿಯುವವರೆಗೆ ಎರಡೂ ಕಡೆ ಯಾರೂ ಗೆರೆ ಮುಟ್ಟಲಿಲ್ಲ. ಮಾಳಿಂಗ ಪ್ರತಿ ಸಲ ಎರಡು ಹೆಜ್ಜೆ, ಮೂರು ಹೆಜ್ಜೆ ಹೋಗಿ ಬೀಳುತ್ತಿದ್ದ. ಬಾಯಿ ತುಂಬ ಮರಳು. ಬಿದ್ದದ್ದೆಲ್ಲ ಮುಂದಕ್ಕೇ.

"ದಾರಿ ಬಿಡಸ್ರಿಲೇ, ಕೂಳಿಗೆ ದಂಡ ನೀವು!" ಎಂದು ಜನ ಆ ಆರು ಜನರನ್ನು ಬೈದರು. ದಂಡೆಯ ಮೇಲೆ ಕೂತು ಬೈಯುವವರಿಗೆ ಭುಜ ನೋಯುವುದಿಲ್ಲ.

ಕೊನೆಯ ಓಟ. ಮಾಳಿಂಗ ಬಲಗೈಯಲ್ಲಿ ಕಾಯಿ ಅವುಚಿ, ಎಡ ಅಂಗೈಯನ್ನು ದ್ಯಾಮಣ್ಣನ ಬೆನ್ನಿಗೆ ಇಟ್ಟ.

ಬೆನ್ನು ನಡೆಯಿತು. ಮೂರು ಹೆಜ್ಜೆ. ಬಲಕ್ಕೆ ಹೊರಳಬೇಕು ಎಂದು ಮಾಳಿಂಗನ ಕಾಲು ಹೇಳಿತು. ಅವನು ಹೊರಳಲಿಲ್ಲ. ಆರು ಹೆಜ್ಜೆ. ಇನ್ನೊಬ್ಬ ಬಂದು ದ್ಯಾಮಣ್ಣನಿಗೆ ಗುದ್ದಿದ. ಈಗ ಒಬ್ಬನ ಮೇಲೆ ಇಬ್ಬರು. ಏಳು. ಎಂಟು. ದ್ಯಾಮಣ್ಣನ ಮೊಣಕಾಲು ಮರಳಿಗೆ ಇಳಿಯಿತು.

ಬೆನ್ನು ನಿಂತಿತು.

ಅದರ ಪಕ್ಕದಲ್ಲಿ ಅರ್ಧ ತೆರೆದ ಕದದಷ್ಟು ಜಾಗ ಇತ್ತು. ಮಾಳಿಂಗ ನುಗ್ಗಿದ.

ಒಬ್ಬ ಸೊಂಟ ಹಿಡಿದ. ಕಾಲು ಮಡಚಲು ನೋಡಿತು. ಮಾಳಿಂಗ ಅದನ್ನು ಎತ್ತಿ ಮುಂದೆ ಇಟ್ಟ. ಇನ್ನೊಬ್ಬ ಪಾದ ಹಿಡಿದ. ಇಬ್ಬರನ್ನೂ ಎಳೆದುಕೊಂಡು ಇನ್ನೊಂದು ಹೆಜ್ಜೆ ಇಟ್ಟ. ಮತ್ತೊಂದು. ಮೊಣಕಾಲು ಮುಂದೆ, ಕೈ ಮುಂದೆ, ಎದೆ ಮುಂದೆ ಬಿದ್ದ.

ತೆಂಗಿನಕಾಯಿ ಗೆರೆಯ ಮೇಲಿತ್ತು.

ಜನ ಮಾಳಿಂಗನ ಹೆಸರು ಕೂಗಿದರು. ಯಾರೋ ಹಾರ ಹಾಕಿದರು. ಪೇಪರಿನವನು ಫೋಟೋ ತೆಗೆದ. ಫಕೀರಪ್ಪ ಹಿಂದಿನಿಂದ ಇಣುಕಿದ. ಪೇಪರಿನವನು ಅವನಿಗೆ, "ತುಸು ಬಾಜೂಕ ಸರೀಪಾ," ಎಂದ.

ನೀಲವ್ವ ಮಗನನ್ನು ಹುಡುಕಿಕೊಂಡು ಬಂದಳು. ಸೆರಗಿನ ತುದಿಯಿಂದ ಅವನ ಕಿವಿಯೊಳಗಿನ ಮರಳು ತೆಗೆದಳು.

"ಎಲ್ಲಿದ್ದ್ಯೋ ಯಪ್ಪಾ? ಕಾಯಿ ಹಿಡದ ಹುಡುಗನ್ನ ನೋಡಿದ್ನಿ. ನೀ ಕಾಣಲೇ ಇಲ್ಲ."

"ಅಲ್ಲೇ ಇದ್ನಲ್ಲ ಯವ್ವಾ."

"ಎಲ್ಲಿ?"

"ಕೆಳಗ."

"ನಾಕು ತಾಸು ಬಸ್ಸಿನ್ಯಾಗ ಬಂದ್ನಿ. ನಿನ್ನ ಆಟ ನೋಡಲಿಲ್ಲಲ್ಲೋ," ಎಂದಳು ನೀಲವ್ವ. ಅವಳ ದನಿ ಸಣ್ಣದಾಯಿತು.

ದ್ಯಾಮಣ್ಣ ಅವಳ ಕೈಯಿಂದ ರೊಟ್ಟಿಯ ಗಂಟು ಇಸಿದುಕೊಂಡ. ಅದನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ.

ಮಾಳಿಂಗ ನೀಲವ್ವನ ಮಾತು ಕೇಳಿಸಿಕೊಂಡ. ಹಾರ ತೆಗೆದು ಫಕೀರಪ್ಪನ ಕೊರಳಿಗೆ ಹಾಕಿ ಬಂದ.

"ಯವ್ವಾ, ನನ್ನ ಜೋಡಿ ಬರ್ರಿ."

ಮರಳಿನ ಅಂಚಿನಲ್ಲಿ ಅಜ್ಜಾರು ನಿಂತಿದ್ದರು. ಅವರು ಹೆಜ್ಜೆಗಳನ್ನು ನೋಡಿ ಮುಗಿಸಿದ್ದರು. ಮಾಳಿಂಗ ಅವರ ಮುಖ ನೋಡಿದ. ಅಜ್ಜಾರು ಕೋಲನ್ನು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟರು.

"ಇದು ನಿಮ್ಮ ಮಗನ ಹೆಜ್ಜಿ," ಎಂದ ಮಾಳಿಂಗ. "ಇಲ್ಲಿಂದ ಹೊಂಟ. ಇಲ್ಲಿ ಒಬ್ಬನ್ನ ನೂಕಿದ. ನೋಡ್ರಿ, ಹಿಮ್ಮಡಿ ಊರೇ ಇಲ್ಲ. ಇಲ್ಲಿ ಇನ್ನೊಬ್ಬ ಬಂದು ಗುದ್ದಿದ. ಇಬ್ಬರನ್ನ ತಗೊಂಡು ಮತ್ತ ಎರಡು ಹೆಜ್ಜಿ ಹೋಗ್ಯಾನ. ಇದು ಮೊಣಕಾಲು."

"ಈ ಹಿಂದಿನವು?"

"ಅವು ನನ್ನವು. ಅಲ್ಲೀತನಕ ಅವನ ಹಿಂದ ಇದ್ನಿ."

ನೀಲವ್ವ ಜಲ್ಲಿ ಒಡೆಯಲು ಕೂರುವಂತೆ ಕುಕ್ಕರಗಾಲಲ್ಲಿ ಕೂತಳು. ಎಂಟನೆಯ ಹೆಜ್ಜೆಯೊಳಗೆ ಕೈ ಇಟ್ಟಳು. ಕೈ ಮಣಿಕಟ್ಟಿನವರೆಗೆ ಇಳಿಯಿತು.

"ಇಷ್ಟು ಆಳ?"

"ಹೌದ್ರಿ ಯವ್ವಾ."

ಅವಳು ಏಳನೆಯದರೊಳಗೆ ಕೈ ಇಟ್ಟಳು. ಆಮೇಲೆ ಆರನೆಯದರೊಳಗೆ. ಒಂದನ್ನೂ ಬಿಡದೆ ಹಿಂದಕ್ಕೆ ಹೋಗುತ್ತಿದ್ದಳು. ದ್ಯಾಮಣ್ಣ ಅಂಚಿನಲ್ಲಿ ನಿಂತು ನಾಚಿಕೊಂಡು ನಗುತ್ತಿದ್ದ.

ಹೊತ್ತು ಮುಳುಗುವುದಕ್ಕೆ ಬಂದಿತ್ತು. ಕೊರಳಲ್ಲಿ ಹಾರ ಹಾಕಿಕೊಂಡೇ ಫಕೀರಪ್ಪ ರೂಢಿಯಂತೆ ಹಲಗೆ ಹೊತ್ತು ತಂದ.

"ಅಜ್ಜಾರ, ನೀವು ಹೆಜ್ಜಿ ನೋಡೀರಲ್ಲ. ಎಳೀಲೇನ್ರಿ?"

ಅಜ್ಜಾರು ಹೇಳಿದರು:

"ನಾ ನೋಡಿದ್ದು ಆತು. ಹಲಗಿ ಕೆಳಗಿಡು ತಮ್ಮಾ, ಆಕಿ ಇನ್ನೂ ನೋಡಾಕತ್ತಾಳ."